ಉಪ್ಪುಬಟ್ಟೆಯ ಪರೀಕ್ಷೆ

ಮುಂಬಯಿ
೧೪ ಜೂನ್ ೧೯೩೭

ಅಕ್ಕಾ, ನಿನಗೂ ನಿಮ್ಮ ಅತ್ತೆ ಚನ್ನವೀರಮ್ಮನವರಿಗೂ ತಮ್ಮ ಕರಿಬಸಯ್ಯನ ಶರಣಾರ್ಥಿ.

ಭಾವನವರ ಹಡಗು ‘ಸಾಗರಮಣಿ’ ಶನಿವಾರ ಬೆಳಿಗ್ಗೆ ಬಂದರು ಬಿಟ್ಟಿತು. ಕಾರ್ಖಾನೆಯಲ್ಲಿ ಒಂದು ತಾಸಿನ ರಜೆ ಕೇಳಿಕೊಂಡು ಹೋಗಿ ಕಟ್ಟೆಯ ಮೇಲೆ ನಿಂತಿದ್ದೆ. ಸಣ್ಣ ಮಳೆ. ಭಾವ ತಮ್ಮ ವೈರ್‌ಲೆಸ್ ಕೋಣೆಯ ಬಾಗಿಲಿಗೆ ಬಂದು ಕೈ ಎತ್ತಿದರು. ಏಡನ್, ಮೊಂಬಾಸಾ, ಆಮೇಲೆ ಆಫ್ರಿಕದ ದಂಡೆಯಲ್ಲೇ ಬಂದರಿಂದ ಬಂದರಿಗೆ ಸರಕು ಹೊತ್ತು, ದೀಪಾವಳಿಯ ಹೊತ್ತಿಗೆ ಮರಳುತ್ತಾರೆ. ಗದ್ವಾಲದಿಂದ ಬಂದಾಗಿನಿಂದ ಅವರ ಮಾತು ಕಡಿಮೆಯಾಗಿತ್ತು. ರೈಲಿನ ದಣಿವು ಇದ್ದೀತು.

ಇನ್ನು ನನ್ನ ಸುದ್ದಿ. ತಂತಿಯ ಸುರುಳಿ ಸುತ್ತುವ ಬೆಂಚಿನಿಂದ ನನ್ನನ್ನು ಎಬ್ಬಿಸಿ ಪರೀಕ್ಷೆಯ ಕೋಣೆಗೆ ಹಾಕಿದ್ದಾರೆ. ಅಲ್ಲಿ ಏನು ಕೆಲಸ ಎಂದು ನೀನು ಕೇಳಿಯೇ ಕೇಳುತ್ತೀ, ಈಗಲೇ ಹೇಳಿಬಿಡುತ್ತೇನೆ. ಹಡಗಿನ ಎರಡು ಕಂಬಗಳ ನಡುವೆ ಒಂದು ತಂತಿ ಕಟ್ಟಿರುತ್ತಾರೆ. ದೂರದ ಸದ್ದು ಗಾಳಿಯಿಂದ ಆ ತಂತಿಗೆ ಬರುತ್ತದೆ, ತಂತಿಯಿಂದ ಯಂತ್ರಕ್ಕೆ, ಯಂತ್ರದಿಂದ ಭಾವನವರ ಕಿವಿಗೆ. ಸಮುದ್ರದ ನಡುವೆ ಅದಕ್ಕಿಂತ ಎತ್ತರದ ವಸ್ತು ಬೇರೆ ಇಲ್ಲ. ಆದ್ದರಿಂದ ಸಿಡಿಲು ಬಿದ್ದರೆ ಅದರ ಮೇಲೆಯೇ ಬೀಳುತ್ತದೆ, ಅದೇ ದಾರಿಯಲ್ಲಿ ಇಳಿಯುತ್ತದೆ. ಅದನ್ನು ಬೇರೆ ಕಡೆ ತಿರುಗಿಸಲು ಸುಣ್ಣದ ಡಬ್ಬಿಯಷ್ಟು ದೊಡ್ಡ ಸಾಧನವೊಂದಿದೆ. ನಾವು ಮಿಂಚುತಡೆ ಎನ್ನುತ್ತೇವೆ. ಒಳಗೆ ಎರಡು ಹಿತ್ತಾಳೆ ಮೊನೆಗಳು, ನಡುವೆ ಉಗುರಿನಷ್ಟು ಸಂದು. ಮಾತಿನ ಸದ್ದಿಗೆ ಆ ಸಂದನ್ನು ಹಾರುವ ಬಲವಿಲ್ಲ. ಸಿಡಿಲಿಗೆ ಇದೆ. ಅದು ಹಾರಿ, ಕೆಳಗಿನ ತಿರುಪಿನ ಮೂಲಕ ಹಡಗಿನ ಕಬ್ಬಿಣದ ಮೈಗೆ ಇಳಿದು ನೀರಿಗೆ ಹೋಗಿಬಿಡುತ್ತದೆ.

ನಾನು ಗಾಜಿನ ಜಾಡಿಗಳಲ್ಲಿ ವಿದ್ಯುತ್ತು ತುಂಬಿ, ಒಂದೊಂದು ಮಿಂಚುತಡೆಗೂ ಹತ್ತು ಸಲ ಸುಳ್ಳು ಸಿಡಿಲು ಹೊಡೆಯುತ್ತೇನೆ. ತಾಳಿಕೊಂಡದ್ದಕ್ಕೆ ನನ್ನ ಏಳನೆಯ ನಂಬರಿನ ಸೀಸದ ಮುದ್ರೆ ಒತ್ತುತ್ತೇನೆ. ಸಾಗರಮಣಿಯ ಮಿಂಚುತಡೆಗೂ ನನ್ನದೇ ಮುದ್ರೆ. ಇದನ್ನು ಅತ್ತೆಯವರಿಗೂ ಓದಿ ಹೇಳು.

ಕರಿಬಸಯ್ಯ


ಗದ್ವಾಲ
೨೯ ಜೂನ್ ೧೯೩೭

ತಮ್ಮಾ ಕರಿಬಸಯ್ಯ, ಆಶೀರ್ವಾದ.

ನಿನ್ನ ಕಾಗದ ಹೈದರಾಬಾದಿನ ಮೇಲೆ ಸುತ್ತಾಡಿ ಆರನೆಯ ದಿನ ಕೈಗೆ ಬಂತು. ಅತ್ತೆಯವರಿಗೆ ಪೂರ್ತಿ ಓದಿದೆ. ಸುಣ್ಣದ ಡಬ್ಬಿಯವರೆಗೆ ಚೆನ್ನಾಗಿ ಕೇಳಿದರು. ಆಮೇಲೆ, “ಒಣ ನೆಲದಾಗ ಹುಟ್ಟಿದಾವ ನೀರಿನ ಮ್ಯಾಲ ಕುಂತು ಸಿಡ್ಲಿಗೆ ಕಿವಿ ಕೊಡ್ತಾನ. ಅದಕ್ಕೊಂದು ಡಬ್ಬಿ ಬ್ಯಾರೆ,” ಎಂದು ಒಳಗೆ ಹೋದರು. ಆದರೆ ಸಂಜೆ ನಮ್ಮ ಸೀರೆಯಂಗಡಿಗೆ ಬಂದವರಿಗೆಲ್ಲ ಸೊಸೆಯ ತಮ್ಮನ ಮುದ್ರೆಯ ಸಂಗತಿ ಹೇಳುತ್ತಿದ್ದರು. ನಾನು ಕೇಳಿಸಿಕೊಂಡೆ.

ಇಲ್ಲಿ ಮಳೆ ಒಂದು ಸಲ ಬಂದು ಹೋಯಿತು. ಅಂಗಡಿ ನಡೆಯುತ್ತಿದೆ. ನಮ್ಮ ಸೀರೆ ನೇಯುವ ಜಮ್ಮುಲಮ್ಮ ನಿನಗೆ ನೆನಪಿದ್ದಾಳಲ್ಲ, ಕೋಟೆಯ ಹಿಂದಿನ ಓಣಿಯವಳು. ಅವಳದೊಂದು ಜಗಳ ಊರಿಗೆಲ್ಲ ಸುದ್ದಿಯಾಗಿದೆ. ಹೊಸ ವ್ಯಾಪಾರಿಯೊಬ್ಬ ಜರಿ ತಂದಿದ್ದ. ಕಣ್ಣು ಕುಕ್ಕುವ ಹೊಳಪು. ಎಲ್ಲರೂ ತೆಗೆದುಕೊಂಡರು. ಇವಳು ಒಂದು ಎಳೆಯನ್ನು ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ಗಡಿಗೆಯಲ್ಲಿಟ್ಟಳು. ನಾಲ್ಕನೆಯ ದಿನ ಬಿಚ್ಚಿದರೆ ಹಸಿರು. ಒಳಗೆ ಬರೀ ತಾಮ್ರ. ವ್ಯಾಪಾರಿ ನಮ್ಮ ಅಂಗಡಿಯ ಮುಂದೆಯೇ ಕೂಗಾಡಿದ, ಇದು ಯಾವ ಊರಿನ ಪರೀಕ್ಷೆ, ಸೀರೆಯನ್ನು ಯಾರಾದರೂ ಉಪ್ಪಿನಕಾಯಿ ಹಾಕುತ್ತಾರೆಯೇ ಎಂದು. ಜಮ್ಮುಲಮ್ಮ ದನಿ ಏರಿಸಲಿಲ್ಲ. “ಅಂಗಡ್ಯಾಗ ಎಲ್ಲಾನೂ ಮಿಂಚತೈತಪ್ಪಾ. ಬೆವರು ತಾಗಿದ ಮ್ಯಾಲ ಏನಾಗತೈತಿ ಅನ್ನೋದು ನೋಡಬೇಕು. ಸೀರಿ ಉಡೋದು ಹೆಣ್ಮಗಳು, ಗಾಜಿನ ಕಪಾಟಲ್ಲ,” ಎಂದಳು. ಈಗ ಅವಳ ಮಗ್ಗ ಜರಿ ಇಲ್ಲದೆ ಖಾಲಿ ಕೂತಿದೆ.

ನೀನು ಊಟ ಬಿಡಬೇಡ. ಅವರಿಂದ ನಿನಗೆ ಕಾಗದ ಬಂದರೆ ತಿಳಿಸು.

ಶೇಖಮ್ಮ


ಮುಂಬಯಿ
೬ ಜುಲೈ ೧೯೩೭

ಅಕ್ಕಾ, ಶರಣಾರ್ಥಿ.

ಒಂದೇ ಮಾತಿಗಾಗಿ ಬರೆಯುತ್ತಿದ್ದೇನೆ. ಜಮ್ಮುಲಮ್ಮನನ್ನು ಕೇಳಿ ತಿಳಿಸು: ಎಷ್ಟು ನೀರಿಗೆ ಎಷ್ಟು ಉಪ್ಪು, ಬಟ್ಟೆ ತೊಯ್ದೇ ಇರಬೇಕೋ ಹಿಂಡಬೇಕೋ, ಗಡಿಗೆಗೆ ಮುಚ್ಚಳ ಹಾಕುತ್ತಾಳೋ ಇಲ್ಲವೋ. ಸುಮ್ಮನೆ ಕುತೂಹಲ. ಇಲ್ಲಿ ಎಲ್ಲ ಕ್ಷೇಮ.

ಕರಿಬಸಯ್ಯ


ಗದ್ವಾಲ
೧೫ ಜುಲೈ ೧೯೩೭

ತಮ್ಮಾ,

ಮುಂಬಯಿಯಲ್ಲಿ ಇಂಜಿನಿಯರುಗಳು ಇರುವಷ್ಟು ಗದ್ವಾಲದಲ್ಲಿ ಕಾಗೆಗಳೂ ಇಲ್ಲ ಎಂದು ನೀನೇ ಅನ್ನುತ್ತಿದ್ದೆ. ಈಗ ನೇಯುವವಳ ಗಡಿಗೆ ಬೇಕಾಯಿತೇ. ನಿನ್ನ ಪ್ರಶ್ನೆ ಕೇಳಿ ಜಮ್ಮುಲಮ್ಮ ನಕ್ಕೇ ನಕ್ಕಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ:

“ನಿಮ್ಮ ತಮ್ಮಗ ಹೇಳ್ರೀ ಅಮ್ಮಾ, ಒಂದು ಚೆಂಬು ನೀರಿಗೆ ಒಂದು ಹಿಡಿ ಉಪ್ಪು. ಬಟ್ಟಿ ಹಿಂಡಬೇಕು, ಆದ್ರ ಆರಬಾರ್ದು. ನೀರಾಗ ಮುಳುಗಿಸಿಟ್ರ ಏನೂ ಗೊತ್ತಾಗಂಗಿಲ್ಲ. ಹಸಿ ಇರಬೇಕು, ಗಾಳೀನೂ ಆಡಬೇಕು. ಕೆಡಿಸೋದು ನೀರೂ ಅಲ್ಲ, ಗಾಳೀನೂ ಅಲ್ಲ, ಎರಡೂ ಕೂಡಿ ಕೆಡಸ್ತಾವ.”

ಮುಚ್ಚಳದ ಬದಲು ಒಂದು ತೂತಿನ ತಟ್ಟೆ ಇಡುತ್ತಾಳಂತೆ. ದಿನಕ್ಕೊಂದು ಸಲ ನೀರು ಚಿಮುಕಿಸುತ್ತಾಳಂತೆ.

ಅವರ ಕಾಗದ ಏನಾದರೂ ಬಂತೇ? ಬಂದಿದ್ದರೆ ಏನು ಬರೆದಿದ್ದಾರೆ ಎಂದು ಕೇಳುವುದಿಲ್ಲ. ಬಂದಿದೆಯೋ ಇಲ್ಲವೋ, ಅಷ್ಟು ಸಾಕು.

ಶೇಖಮ್ಮ


ಮುಂಬಯಿ
೧೮ ಆಗಸ್ಟ್ ೧೯೩೭

ಅಕ್ಕಾ,

ಬರೆಯುವುದು ತಡವಾಯಿತು. ಕೆಲಸ ಹೆಚ್ಚು. ನಾನು ಈಗ ಮತ್ತೆ ಸುರುಳಿಯ ಬೆಂಚಿಗೆ ಬಂದಿದ್ದೇನೆ. ಜಾಡಿಗಳ ಸದ್ದು ಕಿವಿಗೆ ಹಿತವಿರಲಿಲ್ಲ, ಇದೇ ವಾಸಿ. ಭಾವನವರಿಂದ ನನಗೆ ಕಾಗದವಿಲ್ಲ. ನಿನಗೆ ಬಂದಿದ್ದರೆ ಸಾಗರಮಣಿ ಈಗ ಯಾವ ಬಂದರಿನಲ್ಲಿದೆ, ಮುಂದೆ ಎಲ್ಲಿಗೆ ಎಂಬುದನ್ನು ತಪ್ಪದೆ ತಿಳಿಸು. ಅವರು ತಮ್ಮ ಕೋಣೆಯ ಬಗ್ಗೆ, ಯಂತ್ರದ ಬಗ್ಗೆ ಏನಾದರೂ ಬರೆದಿದ್ದರೆ ಅದನ್ನೂ ತಿಳಿಸು.

ಕರಿಬಸಯ್ಯ


ಮಕ್ತಲ
೨೭ ಆಗಸ್ಟ್ ೧೯೩೭

ತಮ್ಮಾ,

ಪಂಚಮಿಗೆಂದು ತವರಿಗೆ ಬಂದವಳು ಇನ್ನೂ ಮಕ್ತಲದಲ್ಲೇ ಇದ್ದೇನೆ. ನಿನ್ನ ಕಾಗದವನ್ನು ಗದ್ವಾಲದಿಂದ ಇಲ್ಲಿಗೆ ಕಳಿಸಿದರು. ಮೂರು ಸಲ ಓದಿದೆ. ನೀನು ಚಿಕ್ಕವನಿದ್ದಾಗಿನಿಂದ ನನಗೆ ಗೊತ್ತು. ಏನಾದರೂ ಬಚ್ಚಿಟ್ಟರೆ ನಿನ್ನ ವಾಕ್ಯಗಳು ಗಿಡ್ಡವಾಗುತ್ತವೆ.

ನೇರವಾಗಿ ಕೇಳುತ್ತೇನೆ. ಅವರು ಯಾವ ಬಂದರಿನಲ್ಲಿ ಇಳಿಯುತ್ತಾರೆ ಎಂದು ನೀನು ಹೆಂಡತಿಯಾದ ನನ್ನನ್ನು ಕೇಳುವುದೇಕೆ? ಮುಂಬಯಿಯಲ್ಲಿ ಹಡಗಿನ ಜನ ಏನಾದರೂ ಆಡಿಕೊಂಡದ್ದು ನಿನ್ನ ಕಿವಿಗೆ ಬಿದ್ದಿದೆಯೇ? ಮೊಂಬಾಸಾದಲ್ಲಿ ಅವರಿಗೆ ಇನ್ನೊಂದು ಮನೆ ಇದೆಯೇ? ಇದ್ದರೆ ಹೇಳಿಬಿಡು. ಇಲ್ಲಿ ಮನೆಯಲ್ಲಿ ಅಣ್ಣನಿಗಾಗಲಿ ಅತ್ತಿಗೆಗಾಗಲಿ ನಾನು ಏನೂ ಹೇಳಿಲ್ಲ. ಹಿತ್ತಲಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೇರೆ ಸುದ್ದಿ ಏನು ಬರೆಯಲಿ. ಜಮ್ಮುಲಮ್ಮ ಬೇಡವೆಂದ ಆ ಜರಿಯನ್ನು ವ್ಯಾಪಾರಿ ಕೋಸಗಿಗೆ ಒಯ್ದು ಮಾರಿದನಂತೆ. ಅಲ್ಲಿ ಒಬ್ಬ ಮದುಮಗಳು ಉಟ್ಟ ಸೀರೆ ಧಾರೆಯ ಹೊತ್ತಿಗೇ ಬೆವರಿಗೆ ಹಸಿರಾಗಿ, ಗಂಡಿನವರು ಅಪಶಕುನವೆಂದು ಎದ್ದುಹೋದರಂತೆ. ನಾನು ಇಲ್ಲಿಗೆ ಹೊರಡುವ ಮೊದಲೇ ಆ ಸುದ್ದಿ ಬಂದು ಜಮ್ಮುಲಮ್ಮ ಎರಡು ದಿನ ಊಟ ಬಿಟ್ಟಳು. ನಿನ್ನ ತಪ್ಪೇನಿದೆ, ನೀನು ಹಿಂದಕ್ಕೆ ಕೊಟ್ಟೆಯಲ್ಲ ಎಂದೆ. “ಕೊಟ್ಟೆ, ಕೊಟ್ಟು ಬಾಯಿ ಮುಚ್ಚಿಕೊಂಡು ಕುಂತೆ. ಸುತ್ತಲ ಊರಿಗೆ ಹೇಳಿ ಕಳಸಲಿಲ್ಲ ಅಮ್ಮಾ. ಅರ್ಧಾ ಕೆಲಸ ಮಾಡಿದೆ,” ಎಂದಳು.

ಉತ್ತರ ಬರೆ. ಗಿಡ್ಡ ವಾಕ್ಯ ಬೇಡ.

ಶೇಖಮ್ಮ


ಮುಂಬಯಿ
೫ ಸೆಪ್ಟೆಂಬರ್ ೧೯೩೭

ಅಕ್ಕಾ,

ಭಾವನವರ ಮೇಲೆ ಅಂಥ ಅನುಮಾನ ಬೇಡ. ನಾನು ಕೇಳಿದ್ದಕ್ಕೆ ಬೇರೆ ಕಾರಣವಿದೆ. ಅದನ್ನು ಈಗ ಬರೆಯಲಾರೆ. ನನಗೆ ಸ್ವಲ್ಪ ದಿನ ಕೊಡು. ಜಮ್ಮುಲಮ್ಮನ ಮಾತು ಓದಿದೆ.

ಕರಿಬಸಯ್ಯ


ಮುಂಬಯಿ
೧೨ ಅಕ್ಟೋಬರ್ ೧೯೩೭

ಅಕ್ಕಾ,

ಇವತ್ತು ಎಲ್ಲ ಬರೆಯುತ್ತೇನೆ. ಕೂತು ಓದು.

ಜುಲೈಯಲ್ಲಿ ನಿನ್ನ ಕಾಗದ ಬಂದ ಮೇಲೆ, ನಾನೇ ಮುದ್ರೆ ಒತ್ತಿದ ಆರು ಮಿಂಚುತಡೆಗಳನ್ನು ಜಮ್ಮುಲಮ್ಮ ಹೇಳಿದಂತೆ ಉಪ್ಪುಬಟ್ಟೆಯಲ್ಲಿ ಸುತ್ತಿಟ್ಟೆ. ನಮ್ಮ ಪರೀಕ್ಷೆಯೆಲ್ಲ ಒಣಗಿದ ಕೋಣೆಯಲ್ಲಿ ನಡೆಯುತ್ತದೆ. ಹಡಗು ಇರುವುದು ಅಂಥ ಕೋಣೆಯಲ್ಲಿ ಅಲ್ಲವಲ್ಲ. ಹತ್ತನೆಯ ದಿನ ಬಿಚ್ಚಿದೆ. ಹಿತ್ತಾಳೆಯ ಮೊನೆಗಳಿಗೆ ಏನೂ ಆಗಿರಲಿಲ್ಲ. ಆದರೆ ಕೆಳಗಿನ ತಿರುಪು ಕಬ್ಬಿಣದ್ದು. ಅದು ಬುಡದಿಂದ ತುಕ್ಕಾಗಿತ್ತು. ತುಕ್ಕಿನ ಮೂಲಕ ವಿದ್ಯುತ್ತು ಸಲೀಸಾಗಿ ಹರಿಯುವುದಿಲ್ಲ. ಪಕ್ಕದಲ್ಲಿ ಯಂತ್ರದ ಬದಲಿಗೆ ಒಂದು ಸುರುಳಿ ಇಟ್ಟು ಸುಳ್ಳು ಸಿಡಿಲು ಹೊಡೆದೆ. ಆರರಲ್ಲಿ ನಾಲ್ಕು ಸಲ ಅದಕ್ಕೆ ನೀರಿನ ದಾರಿ ಸಿಗಲಿಲ್ಲ. ಹಿಂದಕ್ಕೆ ತಿರುಗಿ ಸುರುಳಿಯನ್ನು ಸುಟ್ಟುಹಾಕಿತು. ಭಾವ ಕೂರುವುದು ಆ ಸುರುಳಿಯ ಜಾಗದಲ್ಲಿ. ಕಿವಿಗೆ ತಂತಿ ಹಾಕಿಕೊಂಡು.

ಫೋರ್‌ಮನ್‌ಗೆ ತೋರಿಸಿದೆ. ಕರಾರಿನಲ್ಲಿ ಇಂಥ ಪರೀಕ್ಷೆ ಇಲ್ಲ, ನೀನು ಉಪ್ಪಿನಕಾಯಿ ಹಾಕಿದರೆ ಯಾವ ಕಬ್ಬಿಣವಾದರೂ ಕೆಡುತ್ತದೆ ಎಂದ. ಮುಂದಿನ ಸರಕಿಗೆ ಮುದ್ರೆ ಒತ್ತಲಾರೆ ಎಂದೆ. ಬೆಂಚಿಗೆ ಕಳಿಸಿದ. ನಿನಗೆ ಮಾತ್ರ ಜಾಡಿಗಳ ಸದ್ದು ಕಿವಿಗೆ ಹಿತವಿರಲಿಲ್ಲ ಎಂದು ಬರೆದೆ. ಅದು ಸುಳ್ಳು. ಅದಕ್ಕಿಂತ ಕೆಟ್ಟದ್ದು, ನಾನು ಅಷ್ಟಕ್ಕೇ ಸುಮ್ಮನಾದೆ. ನನ್ನ ಕೈಯಿಂದ ಮುಂದೆ ಯಾವುದೂ ಹೋಗುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಗಲೇ ಹೋದವುಗಳ ಮಾತು ಮನಸ್ಸಿನಲ್ಲಿ ತೆಗೆಯಲೇ ಇಲ್ಲ. ಕೆಲಸ ಹೋದೀತೆಂಬ ಭಯ, ಜೊತೆಗೆ ನಾಚಿಕೆ. ಅಷ್ಟು ಜಂಬದಿಂದ ಅತ್ತೆಯವರಿಗೆ ಓದಿ ಹೇಳು ಎಂದಿದ್ದೆನಲ್ಲ.

ಆಮೇಲೆ ನಿನ್ನ ಕಾಗದದಲ್ಲಿ ಆ ಕೋಸಗಿಯ ಮದುವೆಯ ಸುದ್ದಿ ಬಂತು. ಅರ್ಧ ಕೆಲಸ ಎಂಬ ಮಾತನ್ನು ಓದಿ ನನಗೆ ಕೂರಲು ಆಗಲಿಲ್ಲ.

ಭಾವನವರ ಹಡಗಿನ ಕಂಪನಿಗೆ ನೇರವಾಗಿ ಅರ್ಜಿ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಕೊನೆಗೆ ನಾಲ್ಕು ಸುಟ್ಟ ಸುರುಳಿಗಳನ್ನೂ ತುಕ್ಕು ತಿಂದ ತಿರುಪುಗಳನ್ನೂ ಚೀಲದಲ್ಲಿ ಹಾಕಿಕೊಂಡು ಅವರ ದಫ್ತರದ ಜಗಲಿಯಲ್ಲಿ ಮೂರು ದಿನ ಕೂತೆ. ಮೂರನೆಯ ದಿನ ಒಬ್ಬ ಮುದುಕ ಇಂಜಿನಿಯರು ಹೊರಗೆ ಹೋಗುತ್ತಿದ್ದವನು ನಿಂತು, ಚೀಲದಲ್ಲಿ ಏನು ಎಂದು ಕೇಳಿದ. ತೋರಿಸಿದೆ. ತಿರುಪನ್ನು ಬೆರಳಿನಲ್ಲಿ ಒತ್ತಿದ, ಪುಡಿಯಾಯಿತು. ತನ್ನ ಕೋಣೆಗೆ ಕರೆದುಕೊಂಡು ಹೋಗಿ, ಈ ತಿರುಪು ನಮ್ಮ ಎಷ್ಟು ಹಡಗುಗಳಲ್ಲಿದೆ ಎಂದ. ಹನ್ನೊಂದು ಎಂದೆ.

ಒಂಬತ್ತನೆಯ ತಾರೀಖು ದಂಡೆಯ ಠಾಣೆಗಳಿಂದ ಹನ್ನೊಂದು ಹಡಗುಗಳಿಗೂ ವೈರ್‌ಲೆಸ್ ಸುದ್ದಿ ಹೋಯಿತು, ಕಬ್ಬಿಣದ ತಿರುಪು ತೆಗೆದು ಹಿತ್ತಾಳೆಯದನ್ನು ಹಾಕಿಕೊಳ್ಳಿ ಎಂದು. ಹತ್ತು ಹಡಗುಗಳಿಂದ ಮುಟ್ಟಿತು ಎಂದು ಉತ್ತರ ಬಂದಿದೆ.

ಸಾಗರಮಣಿಯಿಂದ ಬಂದಿಲ್ಲ. ಮೊಂಬಾಸಾ ಬಿಟ್ಟು ಏಡನ್ನಿನ ದಾರಿಯಲ್ಲಿದೆ. ಆ ಕಡೆ ಗಾಳಿಮಳೆ ಎನ್ನುತ್ತಾರೆ. ನಿನಗೆ ಸುಳ್ಳು ಧೈರ್ಯ ಹೇಳಲಾರೆ, ಇನ್ನೊಂದು ಸಲ ಆ ತಪ್ಪು ಮಾಡಲಾರೆ.

ಕರಿಬಸಯ್ಯ


ಗದ್ವಾಲ
೧೨ ಅಕ್ಟೋಬರ್ ೧೯೩೭

ತಮ್ಮಾ,

ನೀನು ದಿನ ಕೊಡು ಎಂದೆ, ಕೊಟ್ಟೆ. ಇನ್ನು ನನ್ನಿಂದ ಆಗುವುದಿಲ್ಲ. ಅನುಮಾನ ನಿನ್ನ ಭಾವನ ಮೇಲೆ ಅಲ್ಲ, ನನ್ನ ಮೇಲೆಯೇ ನನಗೆ. ನಾನೂ ಒಂದು ಮಾತನ್ನು ನಿನ್ನಿಂದ ಬಚ್ಚಿಟ್ಟಿದ್ದೇನೆ.

ಹೋದ ಸಲ ಬಂದಾಗ, ಇದೇ ಕೊನೆ, ಇನ್ನು ಅಂಗಡಿ ನೋಡಿಕೊಂಡು ಇರುತ್ತೇನೆ ಎಂದಿದ್ದರು. ನಾನು ಅದನ್ನು ನಂಬಿಕೊಂಡು ಎಷ್ಟೋ ಲೆಕ್ಕ ಹಾಕಿದ್ದೆ. ಹೊರಡುವ ಹಿಂದಿನ ದಿನ, ಇನ್ನೊಂದು ವರ್ಷಕ್ಕೆ ರುಜು ಹಾಕಿ ಬಂದಿದ್ದೇನೆ ಎಂದು ಹೇಳಿದರು. ಆ ದಿನವೆಲ್ಲ ನಾನು ಮಾತಾಡಲಿಲ್ಲ. ಮರುದಿನ ಗದ್ವಾಲ ಸ್ಟೇಷನ್ನಿನಲ್ಲಿ ಅವರು ಗಾಡಿ ಹತ್ತಿ ಕಿಟಕಿಯಿಂದ ನನ್ನ ಕಡೆ ನೋಡಿದಾಗ ಅಂದೆ, “ನಿಮಗ ಮನಿ ಅಂದ್ರ ಆ ನೀರೇ ಐತಿ. ಅಲ್ಲೇ ಇರ್ರಿ. ಈ ಬಾಗಲಕ್ಕ ತಿರುಗಿ ಬರಬ್ಯಾಡ್ರಿ.” ಗಾಡಿ ಹೊರಟಿತು. ನಾಲ್ಕು ತಿಂಗಳು ಒಂದು ಸಾಲು ಬರೆದಿಲ್ಲ. ಪ್ರತಿ ಸಲ ಬಂದರಿನಿಂದ ತಪ್ಪದೆ ಬರೆಯುವ ಮನುಷ್ಯ.

ಅತ್ತೆಯವರು ದಿನಾಲೂ ಟಪಾಲು ಬಂತೇ ಎನ್ನುತ್ತಾರೆ. ಬಂದಿದೆ, ಚೆನ್ನಾಗಿದ್ದಾರಂತೆ ಎಂದು ಎರಡು ಸಲ ಸುಳ್ಳು ಹೇಳಿದ್ದೇನೆ. ಇಲ್ಲದ ಕಾಗದವನ್ನು ಕೈಯಲ್ಲಿ ಹಿಡಿದು ಓದಿದ್ದೇನೆ, ನಿನ್ನ ಹಳೆಯ ಕಾಗದವನ್ನೇ.

ನಿನಗೆ ಆ ವೈರ್‌ಲೆಸ್ಸಿನವರ ಪರಿಚಯ ಇದೆಯಲ್ಲ. ಹಡಗಿಗೆ ಒಂದು ಮಾತು ಕಳಿಸಲು ಬರುತ್ತದೆಯೇ? ಬಂದರೆ, ಬರಹೇಳು. ಅಷ್ಟೇ.

ಶೇಖಮ್ಮ


ಮುಂಬಯಿ
೧೯ ಅಕ್ಟೋಬರ್ ೧೯೩೭

ಅಕ್ಕಾ,

ನಿನ್ನ ಕಾಗದ, ನನ್ನ ಕಾಗದ ದಾರಿಯಲ್ಲೇ ಒಂದನ್ನೊಂದು ದಾಟಿಹೋದವು. ಈ ಹೊತ್ತಿಗೆ ನಿನಗೆ ನನ್ನದು ಮುಟ್ಟಿರಬೇಕು.

ನಿನ್ನ ಕಾಗದ ಓದಿದವನೇ ಆ ಮುದುಕ ಇಂಜಿನಿಯರನ ಹತ್ತಿರ ಹೋದೆ. ಮನೆಯ ಮಾತು, ಅವನಿಗೆ ಹೇಳಲು ಸಂಕೋಚವಾಯಿತು, ಆದರೂ ಹೇಳಿದೆ. ಅವನು ಕಾಗದ ತೆಗೆದುಕೊಂಡು, ಹೇಳು ಬರೆದುಕೊಳ್ಳುತ್ತೇನೆ ಎಂದ. ‘ಶಿವಶಂಕರಪ್ಪನವರಿಗೆ. ಶೇಖಮ್ಮ ಮನೆಗೆ ಬನ್ನಿ ಎನ್ನುತ್ತಾಳೆ.’ ಇದು ಏಡನ್ನಿನ ಠಾಣೆಯಿಂದ ದಿನಕ್ಕೆ ಎರಡು ಸಲದಂತೆ ನಿನ್ನೆಯಿಂದ ಹೋಗುತ್ತಿದೆ.

ಹಡಗು ನಿನ್ನೆ ಏಡನ್ ಮುಟ್ಟಬೇಕಾಗಿತ್ತು. ಮುಟ್ಟಿಲ್ಲ. ಅದರ ಸದ್ದು ಯಾರಿಗೂ ಕೇಳಿಸಿಲ್ಲ. ಸುದ್ದಿ ಬಂದ ಗಳಿಗೆಗೇ ತಾರು ಕಳಿಸುತ್ತೇನೆ.

ಕರಿಬಸಯ್ಯ


ಗದ್ವಾಲ
೨೩ ಅಕ್ಟೋಬರ್ ೧೯೩೭

ತಮ್ಮಾ,

ಎರಡೂ ಮುಟ್ಟಿದವು. ಮುದ್ರೆಯ ಸಂಗತಿ ಓದಿದಾಗ ನಿನ್ನ ಮೇಲೆ ಸಿಟ್ಟು ಬಂತು. ಇಲ್ಲ ಎನ್ನುವುದಿಲ್ಲ. ಎರಡು ದಿನ ನಿನ್ನ ಹೆಸರು ಬಾಯಲ್ಲಿ ತರಲಿಲ್ಲ. ಜುಲೈಯಲ್ಲಿ ಗೊತ್ತಾದದ್ದು ಅಕ್ಟೋಬರದಲ್ಲಿ ಹಡಗಿಗೆ ಹೋಗಿದೆ. ನಡುವಿನ ದಿನಗಳು ನಿನ್ನವು.

ಮೂರನೆಯ ದಿನ ಅನಿಸಿತು, ಆ ಜಗಲಿಯ ಮೇಲೆ ಮೂರು ದಿನ ಕೂತವನೂ ನೀನೇ. ಹತ್ತು ಹಡಗುಗಳಲ್ಲಿ ಹತ್ತು ಮನೆಯ ಜನ ಇದ್ದಾರೆ. ಅವರ ಹೆಂಡಿರಿಗೆ ಇದ್ಯಾವುದೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಹಾಗೆಂದುಕೊಂಡು ಬರೆಯಲು ಕೂತೆ.

ಅತ್ತೆಯವರಿಗೆ ಎಲ್ಲ ಹೇಳಿದೆ. ಸುಳ್ಳು ಕಾಗದ ಓದಿದ್ದನ್ನೂ, ಸ್ಟೇಷನ್ನಿನ ಮಾತನ್ನೂ. ಬಯ್ಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವರು, “ಕಾಗದ ಉಲ್ಟಾ ಹಿಡಿದು ಓದಿದಾಗೇ ನಂಗ ಗೊತ್ತಾಗಿತ್ತು. ನನಗ ಓದಾಕ ಬರಂಗಿಲ್ಲ, ನೋಡಾಕ ಬರತೈತಿ,” ಎಂದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ತಟ್ಟೆಗೆ ರೊಟ್ಟಿ ಹಾಕಿದರು.

ಟಪಾಲು ಮುನ್ಷಿ ಹೊರಗೆ ಕಾಣಿಸಿದರೆ ಇಬ್ಬರೂ ಏಳುತ್ತೇವೆ.

ಶೇಖಮ್ಮ


ತಾರು
ಮುಂಬಯಿ, ೨೭ ಅಕ್ಟೋಬರ್ ೧೯೩೭

ಸಾಗರಮಣಿ ಇಂದು ಏಡನ್ ಮುಟ್ಟಿದೆ. ಎಲ್ಲರೂ ಕ್ಷೇಮ. ಭಾವ ಕ್ಷೇಮ. ಕರಿಬಸಯ್ಯ.


ಮುಂಬಯಿ
೯ ನವೆಂಬರ್ ೧೯೩೭

ಅಕ್ಕಾ, ಅತ್ತೆಯವರಿಗೂ ನಿನಗೂ ಸಾವಿರ ಶರಣಾರ್ಥಿ.

ಭಾವ ಈ ಕಾಗದಕ್ಕಿಂತ ಸ್ವಲ್ಪ ತಡವಾಗಿ ನಿಮ್ಮ ಕಡೆ ಬರುತ್ತಾರೆ. ಹಡಗಿನ ಕಾಗದಪತ್ರದ ಕೆಲಸ ಎರಡು ದಿನದ್ದಿದೆ. ಅವರು ನನ್ನ ಖೋಲಿಯಲ್ಲಿ ಉಂಡು ಮಲಗಿದ್ದಾರೆ, ಹಗಲು ಹನ್ನೊಂದು ಗಂಟೆ. ಗೊರಕೆ ಕೇಳುತ್ತ ಬರೆಯುತ್ತಿದ್ದೇನೆ. ಇಷ್ಟು ಹಿತವಾದ ಸದ್ದು ನಾನು ಈ ವರ್ಷ ಕೇಳಿಲ್ಲ.

ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ಅಕ್ಟೋಬರ್ ಒಂಬತ್ತರ ನಮ್ಮ ಸುದ್ದಿ ಅವರಿಗೆ ಮುಟ್ಟಿತ್ತು. ಅವರು ಉತ್ತರ ಕೊಟ್ಟರು, ಆದರೆ ಮೋಡದ ಗದ್ದಲದಲ್ಲಿ ಅದು ದಂಡೆಗೆ ಸೇರಲಿಲ್ಲ. ತಿರುಪಿಗೆ ಕೈ ಹಾಕಿದರೆ ಅರ್ಧ ಮುರಿದು ಕೈಗೆ ಬಂತಂತೆ. “ಹಳೇ ಬೆಲ್ಲದ ಹೆಂಟಿ ಮುರಿದಂಗ ಮುರೀತು ಕರಿಬಸ್ಯಾ,” ಎಂದರು. ಹಡಗಿನಲ್ಲಿ ಅಷ್ಟೇ ದಪ್ಪದ ಹಿತ್ತಾಳೆ ತಿರುಪು ಇರಲಿಲ್ಲ. ದಿಕ್ಕು ನೋಡುವ ಕೋಣೆಯ ಬಾಗಿಲಿನ ಚಿಲಕದಿಂದ ಒಂದನ್ನು ಬಿಚ್ಚಿ, ಅರದಿಂದ ಉಜ್ಜಿ ಅಳತೆಗೆ ತಂದು ಹಾಕಿದರು. ಕಪ್ತಾನ ಕೇಳಿದನಂತೆ, ನನ್ನ ಚಿಲಕ ಎಲ್ಲಿ ಎಂದು.

ಹದಿಮೂರರಂದು ಮಧ್ಯಾಹ್ನ ಸಿಡಿಲು ಬಿತ್ತು. ಕಂಬದ ತುದಿಗೇ. ಮೇಲಿನ ತಂತಿ ಕರಗಿ ತುಂಡುತುಂಡಾಗಿ ಸಮುದ್ರಕ್ಕೆ ಹೋಯಿತು. ಭಾವ ಆಗ ಕಿವಿಗೆ ತಂತಿ ಹಾಕಿಕೊಂಡು ಕೂತಿದ್ದರು. ಮಿಂಚುತಡೆಯಲ್ಲಿ ಕೋಣೆ ಬೆಳ್ಳಗಾಗುವಷ್ಟು ಕಿಡಿ ಹಾರಿತು. ಎರಡು ಮೊನೆಗಳೂ ಕರಗಿ ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ಸಿಡಿಲು ಹಿತ್ತಾಳೆಯ ತಿರುಪಿನ ದಾರಿ ಹಿಡಿದು ನೀರಿಗೆ ಹೋಯಿತು. ಯಂತ್ರದಲ್ಲಿ ಒಂದು ದೀಪವೂ ಆರಲಿಲ್ಲ. ಅವರಿಗೆ ಒಂದು ದಿನ ಕಿವಿ ಗುಂಯ್ ಎಂದದ್ದು ಬಿಟ್ಟರೆ ಬೇರೇನೂ ಇಲ್ಲ. ಈಗ ಚೆನ್ನಾಗಿ ಕೇಳಿಸುತ್ತದೆ, ನಾನು ಹಿಂದಿನಿಂದ ಮೆಲ್ಲಗೆ ಕರೆದು ನೋಡಿದ್ದೇನೆ.

ಆಮೇಲೆ ಗಾಳಿ ಹೆಚ್ಚಾಗಿ ಹಡಗು ಒಂದು ದ್ವೀಪದ ಮರೆಯಲ್ಲಿ ಎಂಟು ದಿನ ನಿಂತಿತು. ಕಂಬದ ತುದಿ ಮುರಿದಿದ್ದರಿಂದ ಇದ್ದ ಹೆಚ್ಚಿನ ತಂತಿಯನ್ನು ಕೆಳಗೆ, ತಲೆಯೆತ್ತರದಲ್ಲಿ ಕಟ್ಟಿದರು. ಅದರಿಂದ ಕೇಳಲು ಬರುತ್ತಿತ್ತು. ಇವರ ಸದ್ದು ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ನಾವೆಲ್ಲ ಅವರನ್ನು ಕೂಗಿ ಕರೆಯುತ್ತಿದ್ದದ್ದು ಅವರಿಗೆ ದಿನಾಲೂ ಕೇಳುತ್ತಿತ್ತು ಅಕ್ಕಾ. ಇದ್ದೇವೆ ಎಂದು ಹೇಳಲು ದಾರಿ ಇರಲಿಲ್ಲ. ನಿನ್ನ ಮಾತನ್ನೂ ಕೇಳಿದ್ದಾರೆ. ಎಷ್ಟು ಸಲ ಎಂದು ಕೇಳಿದೆ. ಹನ್ನೆರಡು ಎಂದರು.

ಕರಗಿದ ಮಿಂಚುತಡೆಯನ್ನು ಅವರು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಇಬ್ಬರೂ ಹೋಗಿ ಫೋರ್‌ಮನ್‌ನ ಮೇಜಿನ ಮೇಲೆ ಇಟ್ಟೆವು. ಅವನು ಕನ್ನಡಕ ಏರಿಸಿ, ಹಿತ್ತಾಳೆಯ ತಿರುಪನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನನ್ನ ಕಡೆ ನೋಡದೆ, ನಾಳೆಯಿಂದ ಪರೀಕ್ಷೆಯ ಕೋಣೆಗೆ ಬಾ, ಗಡಿಗೆ ಎಷ್ಟು ಬೇಕು ಬರೆದು ಕೊಡು ಎಂದ. ಹತ್ತು ಬರೆದು ಕೊಟ್ಟಿದ್ದೇನೆ.

ಕರಿಬಸಯ್ಯ


ಗದ್ವಾಲ
೨೨ ನವೆಂಬರ್ ೧೯೩೭

ತಮ್ಮಾ ಕರಿಬಸಯ್ಯ,

ಬಂದರು. ಸೋಮವಾರದ ಗಾಡಿಗೆ. ನಾನು ಸ್ಟೇಷನ್ನಿಗೆ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದೆ. ಅವರು ಅಂಗಳಕ್ಕೆ ಬಂದು ಪೆಟ್ಟಿಗೆ ಇಳಿಸಿ ಅಲ್ಲೇ ನಿಂತರು. “ಒಳಗ ಬರಲೇನು?” ಎಂದರು. ತಮಾಷೆಗೆ ಕೇಳಿದ್ದಲ್ಲ. ನಾನು ಅವರನ್ನೇ ನೋಡುತ್ತ ನಿಂತೆ. ಕೊನೆಗೆ ಅತ್ತೆಯವರು ಒಳಗಿನಿಂದ, “ಕಾಲಿಗೆ ನೀರು ಕೊಡವ್ವಾ, ನಿಂತು ನೋಡಿದ್ದು ಸಾಕು,” ಎಂದರು. ಆಗ ಚೆಂಬು ತಂದೆ.

ದೀಪಾವಳಿ ಮುಗಿದು ಹನ್ನೆರಡು ದಿನವಾಗಿತ್ತು. ಆದರೂ ಅತ್ತೆಯವರು ಆ ದಿನ ಮತ್ತೆ ಎಣ್ಣೆ ಹಚ್ಚಿ ಮಗನಿಗೆ ನೀರು ಹಾಕಿದರು. ಓಣಿಯವರು ನಕ್ಕರೆ ನಗಲಿ.

ಮೂರು ದಿನ ನೇರ ಮಾತು ಆಡಲಿಲ್ಲ ನಾವು. ಉಪ್ಪು ಬೇಕೇ, ಮಜ್ಜಿಗೆ ಸಾಕೇ, ಅಷ್ಟೇ. ನಾಲ್ಕನೆಯ ದಿನ ಅಂಗಡಿಯಲ್ಲಿ ಸೀರೆ ಮಡಿಸುವಾಗ ಒಂದು ತುದಿ ಅವರ ಕೈಯಲ್ಲಿತ್ತು, ಒಂದು ನನ್ನ ಕೈಯಲ್ಲಿ. ಕೇಳಿಬಿಟ್ಟೆ.

“ಆವತ್ತು ಸ್ಟೇಷನ್ದಾಗ ನಾ ಅಂದಿದ್ದು ಕೇಳಿಸ್ತೇನ್ರಿ?”

“ಕೇಳಿಸ್ತು.”

“ಅದಕ್ಕ ಕಾಗದ ಬರೀಲಿಲ್ಲೇನು?”

“ಬರ್ಯಾಕ ಕುಂತರ, ಬರ್ತೀನಿ ಅಂತ ಬರೀಬೇಕಿತ್ತು. ಬರಬ್ಯಾಡ ಅಂದಾಕಿಗೆ ಹ್ಯಾಂಗ ಬರೀಲಿ?” ಸೀರೆಯನ್ನು ಎಳೆದು ಸರಿಮಾಡಿಕೊಂಡು ಹೇಳಿದರು, “ನಾನೂ ಒಂದು ಮಾತು ಅನ್ನಾಕ ಬಾಯಿ ತೆಗದಿದ್ದೆ. ಗಾಡಿ ಹೊಂಟ್ತು. ಹೊಂಟಿದ್ದೇ ಚಲೋ ಆತು. ನಿಂದಕ್ಕಿಂತ ಕೆಟ್ಟದಿತ್ತು.”

“ಏನ್ರಿ ಅದು?”

“ಈಗ ಯಾಕ ಬೇಕು. ಅದು ನೀರಿಗಿ ಹೋತು.”

ನಕ್ಕೆ ತಮ್ಮಾ. ನಗುತ್ತ ನಗುತ್ತ ಅಳುವೂ ಬಂತು. ಅವರು ಸೀರೆಯ ತುದಿ ಬಿಟ್ಟು ಬಂದರು. ಇಡೀ ಮಡಿಕೆ ಹಾಳಾಗಿ ಮೊದಲಿನಿಂದ ಮಡಿಸಬೇಕಾಯಿತು.

ಜಮ್ಮುಲಮ್ಮ ಬಂದು ಹೋದಳು. ಮುಂಬಯಿಯಲ್ಲಿ ಅವಳ ಹೆಸರಿನ ಪರೀಕ್ಷೆ ನಡೆಯುತ್ತದೆ ಎಂದು ಇವರು ಹೇಳಿದರೆ ಅವಳು ಒಪ್ಪಲಿಲ್ಲ. “ನಂದೇನೈತ್ರಿ ಅದರಾಗ, ನಮ್ಮವ್ವ ಮಾಡ್ತಿದ್ಲು,” ಎಂದಳು. ಹೊಸ ಜರಿ ಬಂದು ಅವಳ ಮಗ್ಗ ನಡೆಯುತ್ತಿದೆ.

ಪುಷ್ಯದಲ್ಲಿ ಇವರು ಮತ್ತೆ ಹಡಗು ಹತ್ತುತ್ತಾರೆ. ರುಜು ಹಾಕಿದ ವರ್ಷ ಮುಗಿಯಬೇಕಲ್ಲ. ಆಮೇಲಿನ ಮಾತು ಆಮೇಲೆ. ಈ ಸಲ ನಾನು ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ಮುಂಬಯಿಯವರೆಗೆ ಜೊತೆಗೆ ಬರುತ್ತೇನೆ. ಅವರ ಕೋಣೆ, ನಿನ್ನ ಜಾಡಿಗಳು, ಆ ಕಟ್ಟೆ, ಎಲ್ಲವನ್ನೂ ಒಮ್ಮೆ ಕಣ್ಣಿನಿಂದ ನೋಡಬೇಕು. ಅತ್ತೆಯವರನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ ಎಂದು ಅನುಮಾನಿಸುತ್ತ ಕೇಳಿದೆ. ಅವರು ಬೇಳೆ ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟು,

“ಹೋಗಿ ನೋಡಿ ಬಾ,” ಎಂದರು. “ಬಂದ ಮ್ಯಾಲ ನನಗೂ ಹೇಳು, ಆ ನೀರು ಖರೇನ ಎಷ್ಟೈತಿ ಅಂತ. ಇವ ಹೇಳಿದ್ದು ನಾ ನಂಬಂಗಿಲ್ಲ.”

ಶೇಖಮ್ಮ